ಗೂಡು ಕಟ್ಟಿದೆ, ಹಕ್ಕಿ ಯಾಕೆ ಬರಲಿಲ್ಲ?

ಪ್ರಶ್ನೆ: ಸರ್, ಎರಡನೇ ಮಹಡಿಯ ಬಾಲ್ಕನಿಯಲ್ಲಿ ಗುಬ್ಬಚ್ಚಿಗೆ ಅಂತ ಗೂಡು ತೂಗುಹಾಕಿದ್ದೇವೆ. ತಗಡಿನ ಮಾಡು, ಒಳಗೂ ಹೊರಗೂ ಕೆಂಪು ಬಣ್ಣ, ಬಾಗಿಲ ಮುಂದೆ ಕೂರಲು ಒಂದು ಕಡ್ಡಿ. ವರ್ಷವಾದರೂ ಒಂದು ಹಕ್ಕಿಯೂ ಒಳಗೆ ಹೋಗಿಲ್ಲ. ಏನು ಬದಲಾಯಿಸಬೇಕು?

ಉತ್ತರ: ನಾನು ಮರಗೆಲಸದವನು, ಹಕ್ಕಿಗೂಡು ಮಾಡುವುದು ನನಗೆ ತುಂಬಾ ಇಷ್ಟದ ಕೆಲಸ. ಅದಕ್ಕೇ ನಿಮ್ಮ ಪತ್ರಕ್ಕೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಹಳೇ ಮರಗಳು ಹೋದವು, ಅವುಗಳ ಜೊತೆ ಪೊಟರೆಗಳೂ ಹೋದವು. ಹೆಂಚಿನ ಸಂದಿ, ಗೋಡೆಯ ತೂತುಗಳೂ ಕಡಿಮೆಯಾದವು. ಅವುಗಳ ಬದಲಿಗೆ ನಾವು ಪೆಟ್ಟಿಗೆ ಇಡುತ್ತಿದ್ದೇವೆ. ಹಾಗಾಗಿ ಅದು ಪೊಟರೆಯ ಹಾಗೇ ಇರಬೇಕು ಅಲ್ವಾ? ಒಳಗೆ ಕತ್ತಲು, ಸುತ್ತ ದಪ್ಪ ಮರ, ಅಲುಗಾಟ ಇಲ್ಲ, ಬೇಗ ಕಾಯುವುದಿಲ್ಲ.

ತಗಡು ಮೊದಲು ತೆಗೆಯಿರಿ. ಮಧ್ಯಾಹ್ನದ ಬಿಸಿಲಿಗೆ ಅದು ಕಾದರೆ ರೆಕ್ಕೆ ಬಲಿಯದ ಮರಿ ಎಲ್ಲಿಗೆ ಹೋಗಬೇಕು? ಸುಮಾರು 20 ಮಿಲಿಮೀಟರ್ ದಪ್ಪದ ಹಲಗೆ ಬಳಸಿ. ಒಳಗೆ ಬಣ್ಣ, ವಾರ್ನಿಷ್ ಬೇಡವೇ ಬೇಡ. ಮಾಡು ಮುಂದಕ್ಕೆ ಚಾಚಿ ಇಳಿಜಾರಾಗಿರಲಿ. ತಳದ ಮೂಲೆಗಳಲ್ಲಿ ನೀರಿಳಿಯಲು, ಮಾಡಿನ ಕೆಳಗೆ ಗಾಳಿಯಾಡಲು ಸಣ್ಣ ತೂತು ಕೊರೆಯಿರಿ. ತೂಗುಹಾಕಬೇಡಿ, ಗೋಡೆಗೆ ಸ್ಕ್ರೂ ಹಾಕಿ ಬಿಗಿಯಿರಿ. ನೇರ ಬಿಸಿಲು, ಮಳೆಯ ಇರಚಲು ಬಾಗಿಲಿಗೆ ಬಡಿಯದ ಕಡೆ ಮುಖ ಮಾಡಿ.

ಇನ್ನು ಆ ಕಡ್ಡಿ. ಗುಬ್ಬಿಗೆ ಅದು ಬೇಕಿಲ್ಲ, ತೂತಿನ ಅಂಚನ್ನೇ ಹಿಡಿದು ಒಳಗೆ ನುಗ್ಗುತ್ತದೆ. ಅದರಿಂದ ಉಪಯೋಗ ಆಗುವುದು ಗೂಡಿಗೆ ಕೊಕ್ಕು ಹಾಕಲು ಬರುವ ಕಾಗೆಗೆ. ಇವತ್ತೇ ಕಿತ್ತುಬಿಡಿ.

ಯಾವ ಹಕ್ಕಿ ಬರುತ್ತದೆ ಅನ್ನುವುದನ್ನು ತೀರ್ಮಾನ ಮಾಡುವುದೇ ಬಾಗಿಲಿನ ಅಳತೆ. ಗುಬ್ಬಿಗೆ 32 ಮಿಲಿಮೀಟರ್ ಸಾಕು. 45 ದಾಟಿತೋ, ಮೈನಾ ತೂರಿಕೊಂಡು ಬಂದು ಜಾಗ ಹಿಡಿಯುತ್ತದೆ. ಒಳಗೆ ತಳ 12ರಿಂದ 15 ಸೆಂಟಿಮೀಟರ್ ಚೌಕ ಇರಲಿ. ಬಾಗಿಲು ತಳದಿಂದ ಅಷ್ಟೇ ಎತ್ತರದಲ್ಲಿರಲಿ. ಬಾಗಿಲು ತಗ್ಗಿದ್ದರೆ ಬೆಕ್ಕಿನ ಪಂಜಕ್ಕೆ ಮರಿ ಸಿಗುತ್ತದೆ.

ಬಹಳ ಜನ ಮರೆಯುವ ಒಂದು ವಿಷಯ ಇದೆ. ಮುಂದಿನ ಹಲಗೆಯ ಒಳಮೈಯನ್ನು ನುಣುಪು ಮಾಡಬೇಡಿ. ಬಾಗಿಲ ಕೆಳಗೆ ಉಳಿಯಿಂದ ಅಡ್ಡಡ್ಡ ಗೀರು ಹಾಕಿ. ಹಾರುವ ದಿನ ಮರಿ ಆ ಗೀರುಗಳಿಗೆ ಉಗುರು ಸಿಕ್ಕಿಸಿಕೊಂಡು, ರೆಕ್ಕೆ ಬಡಿಯುತ್ತಾ ಮೇಲೇರುತ್ತದೆ. ಬಾಗಿಲಲ್ಲಿ ತಲೆ ಕಾಣಿಸುತ್ತದೆ, ಮತ್ತೆ ಒಳಗೆ ಜಾರುತ್ತದೆ, ಮತ್ತೆ ಏರುತ್ತದೆ. ಗೀರು ಇಲ್ಲದಿದ್ದರೆ ಆ ಪಾಪದ ಮರಿಗೆ ಮೇಲೆ ಹತ್ತಲು ಆಸರೆಯೇ ಸಿಗುವುದಿಲ್ಲ.

ಗುಬ್ಬಿಗೆ ಜೊತೆಗಾರರು ಬೇಕು, ಎರಡು ಮೂರು ಪೆಟ್ಟಿಗೆ ಹತ್ತಿರ ಹತ್ತಿರ ಇಡಿ. ಮರಿಗಳಿಗೆ ಕಾಳಿಗಿಂತ ಹುಳ ಮುಖ್ಯ. ಬಾಲ್ಕನಿಯ ಗಿಡಗಳಿಗೆ ಕೀಟನಾಶಕ ಹೊಡೆದು, ಪಕ್ಕದಲ್ಲೇ ಗೂಡು ಇಟ್ಟರೆ ಏನು ಬಂತು? ಸುತ್ತಮುತ್ತ ಗುಬ್ಬಿಗಳ ಸುಳಿವೇ ಇಲ್ಲದಿದ್ದರೆ ಬರೀ ಪೆಟ್ಟಿಗೆ ನೋಡಿ ಅವು ಬರುವುದು ಕಷ್ಟ. ಅದನ್ನೂ ಹೇಳಲೇಬೇಕು.

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಬೆಳಿಗ್ಗೆ ಮಡಿವಾಳ ಹಕ್ಕಿ ಹಾಡುತ್ತದೆ. ಗುಬ್ಬಿಯ ಪೆಟ್ಟಿಗೆಯೇ ಅದಕ್ಕೂ ಆಗುತ್ತದಾ?

ಉತ್ತರ: ಆಗುವುದಿಲ್ಲ. ಅದರ ಮೈ ದೊಡ್ಡದು. ಪೆಟ್ಟಿಗೆಯನ್ನೂ ದೊಡ್ಡದು ಮಾಡಿ, ಬಾಗಿಲು 5 ಸೆಂಟಿಮೀಟರಿಗೆ ಕಮ್ಮಿ ಇರದಿರಲಿ. ಮುಂದಿನ ಹಲಗೆಯ ಮೇಲರ್ಧ ತೆರೆದಿಟ್ಟ ಪೆಟ್ಟಿಗೆಯೂ ನಡೆಯುತ್ತದೆ. ಆಳೆತ್ತರಕ್ಕಿಂತ ಮೇಲೆ, ನೆರಳಲ್ಲಿ, ಬೆಕ್ಕು ಹತ್ತಲಾಗದ ಕಡೆ ಕಟ್ಟಿ. ಒಂದೇ ಸಾಕು. ಗಂಡು ತನ್ನ ಜಾಗಕ್ಕೆ ಇನ್ನೊಂದು ಗಂಡನ್ನು ಬಿಟ್ಟುಕೊಳ್ಳುವುದಿಲ್ಲ. ಆ ಅಳತೆಯ ಬಾಗಿಲಿಗೆ ಮೈನಾ ಬಂದರೂ ಬರಬಹುದು. ಬಂದರೆ ಓಡಿಸಬೇಡಿ, ಅದೂ ನಮ್ಮ ನೆಲದ ಹಕ್ಕಿಯೇ. ಮಡಿವಾಳನಿಗೆ ಇನ್ನೊಂದು ಪೆಟ್ಟಿಗೆ ಮಾಡಿದರಾಯಿತು.

ಪ್ರಶ್ನೆ: ಕುಟ್ರು ಹಕ್ಕಿಗೆ ಎಂಥ ಗೂಡು ಮಾಡಬೇಕು?

ಉತ್ತರ: ಏನೂ ಮಾಡಬೇಡಿ, ಒಣಗಿದ ಕೊಂಬೆ ಕಡಿಯದೆ ಬಿಡಿ. ಕುಟ್ರು, ಮರಕುಟಿಗ ತಮ್ಮ ಪೊಟರೆ ತಾವೇ ಕೊರೆಯುವ ಹಕ್ಕಿಗಳು. ಅವು ಬಿಟ್ಟುಹೋದ ಪೊಟರೆಗೆ ಆಮೇಲೆ ಮಡಿವಾಳ, ಮೈನಾ, ಗಿಳಿ ಬರುತ್ತವೆ. ಕೊಂಬೆ ಯಾರ ತಲೆಯ ಮೇಲಾದರೂ ಬೀಳುವಂತಿದ್ದರೆ ತುದಿ ಮಾತ್ರ ಕತ್ತರಿಸಿ, ಬುಡದ ಕಡೆ ಒಂದಷ್ಟು ಉದ್ದ ಉಳಿಸಿ. ನಾನು ಮಾಡುವ ಯಾವ ಪೆಟ್ಟಿಗೆಯೂ ಆ ಒಣಕೊಂಬೆಗೆ ಸಮ ಅಲ್ಲ.

ಪ್ರಶ್ನೆ: ಮರಿಗಳು ಹಾರಿಹೋದವು. ಹಳೇ ಹುಲ್ಲು ತೆಗೆಯಬೇಕಾ?

ಉತ್ತರ: ತೆಗೆಯಿರಿ, ಅದರಲ್ಲಿ ಉಣ್ಣಿ, ಹೇನು ಸೇರಿಕೊಂಡಿರುತ್ತವೆ. ಆದರೆ ಗುಬ್ಬಿ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಮೊಟ್ಟೆ ಇಡುತ್ತದೆ. ಹೊಸ ಮೊಟ್ಟೆ ಇದ್ದರೆ ಮುಟ್ಟಬೇಡಿ, ಮುಚ್ಚಳ ಮುಚ್ಚಿ ಬನ್ನಿ. ಖಾಲಿ ಇದ್ದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹುಲ್ಲು ತೆಗೆದು, ಬಿಸಿನೀರಲ್ಲಿ ತೊಳೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಸೋಪು, ಔಷಧಿ ಏನೂ ಬೇಡ. ಪೆಟ್ಟಿಗೆಯನ್ನು ಮತ್ತೆ ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿ ಬಿಗಿಯಿರಿ.