ಗಂಡ ಅಮೆರಿಕದ ಪ್ರಜೆ, ನನಗೆ ಗ್ರೀನ್ ಕಾರ್ಡ್ ಇದೆ. ಪೌರತ್ವವನ್ನೂ ತೆಗೆದುಕೊಳ್ಳಬೇಕಾ?

ಅಪ್ಪ ಅಮ್ಮನನ್ನು ಅಲ್ಲಿಗೇ ಕರೆಸಿಕೊಳ್ಳುವ ಯೋಚನೆ ಇದ್ದರೆ, ಅಥವಾ ಮಧ್ಯೆ ಊರಿಗೆ ಬಂದು ತುಂಬಾ ದಿನ ಇರಬೇಕಾಗಬಹುದು ಅನ್ನಿಸಿದರೆ ತೆಗೆದುಕೊಳ್ಳಿ. ಮುಂದೆ ಭಾರತಕ್ಕೇ ಬಂದು ನೆಲೆಸುವ ಮನಸ್ಸಿದ್ದರೆ ಆತುರ ಬೇಡ.

ಗ್ರೀನ್ ಕಾರ್ಡ್ ಅಲ್ಲೇ ವಾಸ ಮಾಡುವವರಿಗೆ ಕೊಡುವ ಅನುಮತಿ, ಅಷ್ಟೆ. ಅಮ್ಮನಿಗೆ ಹುಷಾರಿಲ್ಲ ಅಂತ ಹಾಸನಕ್ಕೆ ಬಂದಿರಿ ಅನ್ನಿ. ಹೊರಡುವ ಮೊದಲೇ ರೀ-ಎಂಟ್ರಿ ಪರ್ಮಿಟ್‌ಗೆ, ಅಂದರೆ ಅಮೆರಿಕಕ್ಕೆ ಮರಳುವ ಅನುಮತಿಗೆ, ಅರ್ಜಿ ಹಾಕದೆ ಒಂದು ವರ್ಷ ದಾಟಿಸಿದರೆ, ವಾಪಸ್ ಹೋಗಲು ಆ ಕಾರ್ಡ್ ಸಾಲುವುದಿಲ್ಲ. ಪ್ರಜೆಗಳಿಗೆ ಈ ಲೆಕ್ಕವೇ ಇಲ್ಲ. ಅಪ್ಪ ಅಮ್ಮನ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕುವುದೂ ಪ್ರಜೆಗಳಿಗೆ ಮಾತ್ರ ಸಾಧ್ಯ.

ತೊಡಕು ಇರುವುದು ನಮ್ಮ ಕಡೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ ಪ್ರಕಾರ, ಅಲ್ಲಿನ ಪ್ರಜೆಯಾದ ಕೂಡಲೇ ಇಲ್ಲಿನದು ತಾನಾಗಿಯೇ ಹೋಗುತ್ತದೆ. ನಮ್ಮ ಪಾಸ್‌ಪೋರ್ಟ್ ಒಪ್ಪಿಸಬೇಕು. ಆಮೇಲೆ ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಮಾಡಿಸಿಕೊಂಡರೆ ಬಂದು ಹೋಗಲು ವೀಸಾ ಬೇಡ, ಆದರೆ ಓಟು ಹಾಕುವಂತಿಲ್ಲ. ಹೊಲ, ತೋಟ ಕೊಳ್ಳುವಂತಿಲ್ಲ. ಅಪ್ಪನ ತೋಟ ಪಾಲಿಗೆ ಬಂದರೆ ಇಟ್ಟುಕೊಳ್ಳಬಹುದು. ಇದಕ್ಕೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ, ಎನ್‌ಆರ್‌ಐ ಆಗಿ ಈಗಲೂ ನೀವು ತೋಟ ಕೊಳ್ಳುವಂತಿಲ್ಲ ಅಲ್ವಾ?

ಗಂಡನ ಜೊತೆಗೇ ಇದ್ದರೆ ಗ್ರೀನ್ ಕಾರ್ಡ್ ಸಿಕ್ಕ 3 ವರ್ಷಕ್ಕೆ ಅರ್ಜಿ ಹಾಕಬಹುದು, ಸಾಮಾನ್ಯವಾಗಿ ಉಳಿದವರಿಗೆ 5 ವರ್ಷ. ಹಾಕಲೇಬೇಕು ಅಂತೇನಿಲ್ಲ. 10 ವರ್ಷದ ಕಾರ್ಡನ್ನು ಹೊಸದು ಮಾಡಿಸುತ್ತಾ ಹಾಗೇ ಇದ್ದುಬಿಡುವವರೂ ಇದ್ದಾರೆ.