ಹುಬ್ಬಳ್ಳಿ-ಧಾರವಾಡದಿಂದ ಬಾಲಚುಕ್ಕಿ ಬರಿಗಣ್ಣಿಗೆ ಕಾಣುತ್ತದೆಯೇ?

"ನವನಗರದಲ್ಲಿದ್ದೇವೆ. ಧೂಮಕೇತು ಬಂತು ಅಂತ ಪ್ರತಿ ಸಲ ಸುದ್ದಿ ಬರುತ್ತದೆ, ಮಕ್ಕಳನ್ನು ಕರೆದುಕೊಂಡು ತಾರಸಿ ಹತ್ತಿದರೆ ಏನೂ ಕಾಣೋದಿಲ್ಲ. ಬರಿಗಣ್ಣಿಗೆ ಕಾಣುತ್ತದೆ ಅನ್ನೋದೇ ಸುಳ್ಳಾ? ಟೆಲಿಸ್ಕೋಪ್ ತಗೋಬೇಕಾ?" ಅಂತ ಕೇಳಿದ್ದೀರಿ. ಸುಳ್ಳಲ್ಲ. ಟೆಲಿಸ್ಕೋಪೂ ಬೇಡ. ತಪ್ಪು ಬಹುಶಃ ನಿಮ್ಮ ತಾರಸಿಯದು.

ನಾನು ಮೊದಲ ಸಲ ಬಾಲಚುಕ್ಕಿ ನೋಡಿದ್ದು 1997ರ ಯುಗಾದಿಗೆ, ಅಣ್ಣಿಗೇರಿ ಹತ್ತಿರದ ನಮ್ಮೂರಿನ ಮಾಳಿಗೆ ಮೇಲೆ. ಯುಗಾದಿ ಚಂದ್ರನನ್ನು ನೋಡೋಕೆ ಓಣಿಯವರೆಲ್ಲ ಮಾಳಿಗೆ ಹತ್ತಿ ಪಡುವಣಕ್ಕೆ ಮುಖ ಮಾಡಿ ನಿಂತಿದ್ದರು. ಎಳೆಯಂಥ ಚಂದ್ರ ಸಿಕ್ಕ, ಕೈಮುಗಿದದ್ದಾಯಿತು, ಹಿರಿಯರ ಕಾಲು ಮುಟ್ಟಿದ್ದಾಯಿತು. ಆ ಚಂದ್ರನ ಬಲಕ್ಕೆ, ವಾಯವ್ಯದಲ್ಲಿ, ತಲೆ ಕೆಳಗೆ ಮಾಡಿ ಬಾಲ ಮೇಲೆತ್ತಿಕೊಂಡು ಹೇಲ್-ಬಾಪ್ ನಿಂತಿತ್ತು. ಯಾರೂ ಹುಡುಕಬೇಕಾಗಲಿಲ್ಲ. ನಾನು ಬೆರಳು ತೋರಿಸಿದ್ದಕ್ಕೆ ಅಜ್ಜಿ ಕೈ ಮೇಲೊಂದು ಕೊಟ್ಟಳು: "ಬೆಟ್ಟು ಮಾಡಿ ತೋರಸಬ್ಯಾಡೋ, ಬರಗಾಲ ಕರ್ಕೊಂಡ ಬರ್ತೈತಿ ಅದು." ಹಾಗಂದವಳು ಕೆಳಗಿಳಿಯದೆ ತಾನೇ ನೋಡುತ್ತ ಕೂತಳು.

ಹೇಲ್-ಬಾಪ್ ನಮ್ಮ ಪೀಳಿಗೆಯವರನ್ನು ಕೆಡಿಸಿಬಿಟ್ಟಿತು. ಅದು ಬರಿಗಣ್ಣಿಗೆ ಸುಮಾರು 18 ತಿಂಗಳು ಕಂಡ ಧೂಮಕೇತು. ಎಲ್ಲವೂ ಹಾಗೇ ಬಂದು ಎದುರಿಗೆ ನಿಲ್ಲುತ್ತವೆ ಅಂದುಕೊಂಡೆವು. ಹೆಚ್ಚಿನವು ಹಾಗೆ ನಿಲ್ಲುವುದಿಲ್ಲ, ಅದಕ್ಕೆ ಕಾರಣವೂ ಇದೆ. ಧೂಮಕೇತುವಿನ ಒಡಲು ಅಂದರೆ ಕೆಲವೇ ಕಿಲೋಮೀಟರ್ ಅಗಲದ, ಮಂಜುಗಡ್ಡೆ ಮತ್ತು ದೂಳು ಕಲೆತ ಮುದ್ದೆ. ಸೂರ್ಯನ ಹತ್ತಿರ ಬಂದಾಗ ಮಾತ್ರ ಆ ಮಂಜು ಆವಿಯಾಗಿ, ದೂಳನ್ನೂ ಎಬ್ಬಿಸಿಕೊಂಡು, ತಲೆ-ಬಾಲ ಮೂಡುತ್ತವೆ. ಅಂದರೆ ಅದು ಚೆನ್ನಾಗಿ ಬೆಳಗುವ ದಿನಗಳಲ್ಲಿ ಆಕಾಶದಲ್ಲೂ ಸಾಮಾನ್ಯವಾಗಿ ಸೂರ್ಯನ ಮಗ್ಗುಲಲ್ಲೇ ಇರುತ್ತದೆ. ಹೀಗಾಗಿ ನಮಗೆ ಸಿಗೋದು ನಸುಕಿನಲ್ಲಿ ಅರ್ಧ ತಾಸು, ಇಲ್ಲವೇ ಮುಸ್ಸಂಜೆಯಲ್ಲಿ ಅರ್ಧ ತಾಸು. ಅದೂ ನೆಲಕ್ಕೆ ಅಂಟಿಕೊಂಡ ಹಾಗೆ. ಅಷ್ಟು ಕೆಳಗೆ ನವನಗರದಲ್ಲಿ ಏನಿರುತ್ತದೆ? ಪಕ್ಕದ ಮನೆಯ ನೀರಿನ ಟ್ಯಾಂಕು.

ಇನ್ನು ಸುದ್ದಿಯಲ್ಲಿ ಬರುವ "ಮ್ಯಾಗ್ನಿಟ್ಯೂಡ್ 4, ಬರಿಗಣ್ಣಿಗೆ ಗೋಚರ" ಅನ್ನೋ ಮಾತು. ಮ್ಯಾಗ್ನಿಟ್ಯೂಡ್ ಅಂದರೆ ಹೊಳಪಿನ ಅಳತೆ, ಈ ಅಂಕಿ ಕಡಿಮೆಯಾದಷ್ಟೂ ಹೊಳಪು ಜಾಸ್ತಿ. ಒಳ್ಳೆ ಕತ್ತಲಲ್ಲಿ ನಮ್ಮ ಕಣ್ಣು 6ರ ತನಕ ಹಿಡಿಯುತ್ತದೆ. ಆದರೆ ನಕ್ಷತ್ರದ 4 ಬೇರೆ, ಧೂಮಕೇತುವಿನ 4 ಬೇರೆ. ಒಂದು ಚಮಚ ಬೆಣ್ಣೆಯನ್ನು ರೊಟ್ಟಿಯ ನಡುವೆ ಮುದ್ದೆಯಾಗಿ ಇಟ್ಟರೆ ದೂರದಿಂದಲೂ ಕಾಣುತ್ತದೆ. ಅದನ್ನೇ ರೊಟ್ಟಿ ತುಂಬ ಸವರಿದರೆ ಹಚ್ಚಿದ್ದಾರೋ ಇಲ್ಲವೋ ಅಂತ ಬಾಗಿ ನೋಡಬೇಕು. ಧೂಮಕೇತುವಿನ ಬೆಳಕು ಸವರಿದ ಬೆಣ್ಣೆ. ಜಾಗ ಪರೀಕ್ಷಿಸೋಕೆ ನನ್ನದೊಂದು ಲೆಕ್ಕವಿದೆ: ನವೆಂಬರಿನ ರಾತ್ರಿ ಉತ್ತರದ ಕಡೆ ಎತ್ತರದಲ್ಲಿ ಆಂಡ್ರೊಮಿಡಾ ಗೆಲಾಕ್ಸಿ ಬರಿಗಣ್ಣಿಗೆ ಮಂಕಾಗಿಯಾದರೂ ಕಂಡರೆ ಆ ಜಾಗ ಗಟ್ಟಿ. ಹುಬ್ಬಳ್ಳಿ ಊರೊಳಗೆ ನನಗೆ ಒಮ್ಮೆಯೂ ಕಂಡಿಲ್ಲ.

ಹಾಗಾದರೆ ಎಲ್ಲಿಗೆ ಹೋಗಬೇಕು? ಊರಿನ ಬೆಳಕು ನಿಮ್ಮ ಬೆನ್ನ ಹಿಂದೆ ಬರಬೇಕು, ಇಷ್ಟೇ. ನಸುಕಿನ ಧೂಮಕೇತು ಆದರೆ ಮೂಡಣಕ್ಕೆ ನೋಡಬೇಕು, ಅದಕ್ಕೆ ಅಣ್ಣಿಗೇರಿ, ನವಲಗುಂದದ ಎರಿ ಭೂಮಿಯಂಥ ಜಾಗ ಇನ್ನೊಂದಿಲ್ಲ: ಮರವಿಲ್ಲ, ಗುಡ್ಡವಿಲ್ಲ, ನೆಲ ಮುಗಿದಲ್ಲಿ ಆಕಾಶ ಶುರು. ಗದಗ ಹೆದ್ದಾರಿ ಬಿಟ್ಟು ಅಣ್ಣಿಗೇರಿಯಿಂದ ನವಲಗುಂದದ ಕಡೆ ತಿರುಗಿ, ಇಲ್ಲದಿದ್ದರೆ ಎದುರಿಗೆ ಗದಗಿನ ಬೆಳಕು ಬರುತ್ತದೆ. ಸಂಜೆಯ ಧೂಮಕೇತು ಆದರೆ ತಿರುಗುಮುರುಗು. ಕೆಲಗೇರಿ ದಾಟಿ ಅಳ್ನಾವರ ರಸ್ತೆ ಹಿಡಿಯಬೇಕು. ಆದರೆ ಅತ್ತ ಮಲೆನಾಡ ಸೆರಗು ಶುರುವಾಗುತ್ತದೆ, ಗಿಡಮರ ಜಾಸ್ತಿ, ಮೋಡವೂ ಜಾಸ್ತಿ. ಪಡುವಣ ಬಯಲಾಗಿ ಕಾಣುವ ದಿಬ್ಬವನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ. ಗದಗಿನವರು ಕಪ್ಪತಗುಡ್ಡ ಅನ್ನುತ್ತಾರೆ. ಒಳ್ಳೆಯ ಜಾಗವೇ, ಗಾಳಿಕಂಬಗಳ ಕೆಂಪು ದೀಪ ಕಣ್ಣಿಗೆ ಚುಚ್ಚದ ಮಗ್ಗುಲು ಹುಡುಕಿದರೆ. ಹಾವೇರಿ ಕಡೆಯವರು ಹೆದ್ದಾರಿಯಿಂದ ಐದಾರು ಕಿಲೋಮೀಟರ್ ಒಳಗೆ ಹೋದರೆ ಸಾಕು.

2024ರಲ್ಲಿ ಸುಚಿನ್‌ಶಾನ್-ಅಟ್ಲಾಸ್ ಬಂದಾಗ ನಾನು ಇದೇ ಲೆಕ್ಕ ಹಾಕಿದ್ದೆ. ಸೆಪ್ಟೆಂಬರ್ 27ಕ್ಕೆ ಅದು ಸೂರ್ಯನಿಗೆ ಅತಿ ಸಮೀಪ. ಅಕ್ಟೋಬರ್ 1ರ ನಸುಕು, ಮಾನಮಿ ಅಮಾಸಿಗೆ ಒಂದು ದಿನ ಮೊದಲು, ಚಂದ್ರನ ಕಾಟವಿಲ್ಲ. ಐದು ಗಂಟೆಗೆ ನವಲಗುಂದ ರಸ್ತೆಯ ಪಕ್ಕ ಬೈಕ್ ನಿಲ್ಲಿಸಿದೆ. ಹೆಸರು ಕಿತ್ತು ಕಡ್ಲಿ ಬಿತ್ತಾಕ ಹರಗಿದ ಹೊಲ, ಹಸಿ ಮಣ್ಣಿನ ವಾಸನೆ. ಹಿಂದಿನಿಂದ ಒಬ್ಬ ಹಿರಿಯರು ಬಂದರು.

"ಯಾಕ್ರೀ ಸರ, ಗಾಡಿ ಪಂಚರ್ ಆತೇನ್ರೀ?"

ಬಾಲಚುಕ್ಕಿ ನೋಡಾಕ ಬಂದೇನ್ರೀ ಅಂದೆ. ಅವರು ಹೊಲದ ಬದುವಿನಾಚೆ ಕೈ ಮಾಡಿದರು. "ಅದೇನ್ರೀ? ಮೂರು ದಿವಸ ಆತು ನೋಡಾಕತ್ತೇನಿ. ಇಮಾನದ ಹೊಗಿ ಅಂದ್ಕೊಂಡಿದ್ನಿ. ಹೊಗಿ ಆಗಿದ್ರ ದಿನಾ ಒಂದ ಜಾಗಾದಾಗ ಬಂದು ಯಾಕ ನಿಲ್ತೈತ್ರೀ?"

ನನ್ನ ಕಣ್ಣಿಗೆ ಅದಿನ್ನೂ ಸಿಕ್ಕಿರಲಿಲ್ಲ! ಅವರ ಬೆರಳಿನ ನೇರಕ್ಕೆ ನೋಡಿದೆ: ನೆಲದಿಂದ ಒಂದು ಮುಷ್ಟಿಯೂ ಇಲ್ಲದ ಎತ್ತರದಲ್ಲಿ ಸಣ್ಣ ಚುಕ್ಕಿ, ಅದರಿಂದ ಮೇಲಕ್ಕೆ ಬೂದಿಯಿಂದ ಎಳೆದಂಥ ಗೆರೆ. ಇಪ್ಪತ್ತು ನಿಮಿಷ ಕಂಡಿತು, ಆಮೇಲೆ ಮೂಡಣ ಬೆಳಗಾಗಿ ಕರಗಿತು. (ಮುಷ್ಟಿ ಅಂದರೆ ಕೈ ನೀಟಾಗಿ ಚಾಚಿ ಹಿಡಿದ ಮುಷ್ಟಿ, ಸುಮಾರು 10 ಡಿಗ್ರಿ. ಹಾಗೇ ಚಾಚಿದ ಗೇಣು 20 ಡಿಗ್ರಿ. ಇದಕ್ಕಿಂತ ಅಗ್ಗದ ಉಪಕರಣ ಇಲ್ಲ.)

ಆ ಹಿರಿಯರ ಪ್ರಶ್ನೆಯಲ್ಲೇ ಧೂಮಕೇತು ಗುರುತಿಸುವ ಉಪಾಯವಿದೆ. ಹೊತ್ತು ಮುಳುಗಿದ ಮೇಲೆ ಪಡುವಣದಲ್ಲಿ ವಿಮಾನದ ಹೊಗೆಗೆ ಕೆಳಗಿನಿಂದ ಬಿಸಿಲು ತಾಗಿ ಬಂಗಾರದ ಬಾಲದ ಹಾಗೆ ಹೊಳೆಯುತ್ತದೆ. ಅದನ್ನೇ ಫೋಟೋ ತೆಗೆದು ಗ್ರೂಪಿಗೆ ಹಾಕುವವರು ಬಹಳ. ಐದು ನಿಮಿಷ ಕಾಯಿರಿ: ಹೊಗೆಯಾದರೆ ಜರಗುತ್ತದೆ, ಚದುರುತ್ತದೆ. ಸರ್ರನೆ ಜಾರಿದರೆ ಅದು ಉಲ್ಕೆ. ಧೂಮಕೇತು ನಿಂತಲ್ಲೇ ನಿಂತ ಹಾಗೆ ಕಂಡು, ನಕ್ಷತ್ರಗಳ ಜೊತೆಗೇ ಮುಳುಗುತ್ತದೆ. ಅದರ ಬಾಲ ಯಾವಾಗಲೂ ಸೂರ್ಯನಿಗೆ ಬೆನ್ನು ಮಾಡಿರುತ್ತದೆ, ಹಾಗಾಗಿ ಸಂಜೆಯಾಗಲಿ ನಸುಕಾಗಲಿ ಮೇಲ್ಮುಖ.

ಅದೇ ಧೂಮಕೇತು ಅಕ್ಟೋಬರ್ 12ರ ಸುಮಾರಿಗೆ ಭೂಮಿಗೆ ಸಮೀಪ ಬಂದು ಸಂಜೆಯ ಆಕಾಶಕ್ಕೆ ದಾಟಿತು. ಅಂದು ವಿಜಯದಶಮಿ. ಮರುದಿನ ಮನೆಮಂದಿಯನ್ನೆಲ್ಲ ಕರೆದುಕೊಂಡು ನೃಪತುಂಗ ಬೆಟ್ಟಕ್ಕೆ ಹೋದೆ. ಮೋಡ, ಮಿರ್ಚಿ-ಭಜಿ, ನೂರು ಮೊಬೈಲ್ ಟಾರ್ಚು. ಮಗ ಕೇಳಿದ, "ಅಪ್ಪಾ, ಬನ್ನಿ ಕೊಡಾಕ ಬಂದೇವೇನು ಇಲ್ಲಿ?" ಆಮೇಲೆ ಹುಣ್ಣಿಮೆ ಹತ್ತಿರ ಬಂತು, ಬೆಳುದಿಂಗಳಲ್ಲಿ ಬಾಲ ತೊಳೆದುಹೋಯಿತು. ಎಲ್ಲರೂ ಮರೆತ ಮೇಲೆ, 20ನೇ ತಾರೀಖು, ಚಂದ್ರ ಮೂಡೋಕೆ ಇನ್ನೂ ಒಂದು ತಾಸು ಇರುವಾಗ ಅಳ್ನಾವರ ರಸ್ತೆಯಲ್ಲಿ ಅದು ಮೂರು ಮುಷ್ಟಿ ಎತ್ತರದಲ್ಲಿ ಸಿಕ್ಕಿತು. ಹೊಳಪು ಇಳಿದಿತ್ತು, ಆದರೆ ಆಕಾಶ ಕಪ್ಪಾಗಿತ್ತು. ಸುದ್ದಿಯವರು ಹೇಳುವ "ಅತಿ ಸಮೀಪದ ದಿನ"ಕ್ಕಿಂತ ಪಂಚಾಂಗದ ತಿಥಿ ನೋಡುವುದು ಮೇಲು ಅಂತ ನಾನು ಹೇಳೋದು ಇದಕ್ಕೇ.

ಸೋತದ್ದೂ ಇದೆ. 2020ರ ಜುಲೈನಲ್ಲಿ ನಿಯೊವೈಸ್ ಬಂದಾಗ ನಮ್ಮಲ್ಲಿ ಮಳೆಗಾಲ, ಒಂದು ಸಂಜೆಯೂ ಪಡುವಣ ತೆರೆಯಲಿಲ್ಲ. 2013ರಲ್ಲಿ ಐಸಾನ್ "ಶತಮಾನದ ಧೂಮಕೇತು" ಅಂತ ಮೆರೆಯಿತು, ನವೆಂಬರ್ 28ಕ್ಕೆ ಸೂರ್ಯನನ್ನು ಸುತ್ತುವಾಗ ಚೂರುಚೂರಾಯಿತು. ಸುಚಿನ್‌ಶಾನ್-ಅಟ್ಲಾಸ್ ಕಥೆ ಉಲ್ಟಾ: ಇದು ಒಡೆದುಹೋಗೋದು ಖಚಿತ ಅಂತ 2024ರ ಜುಲೈನಲ್ಲಿ ಖಗೋಳ ವಿಜ್ಞಾನಿ ಸೆಕಾನಿನಾ ಬರೆದಿದ್ದರು, ಅದು ಗಟ್ಟಿಯಾಗಿ ಹೊರಬಂತು. 2025ರ ದೀಪಾವಳಿಗೆ ಬಂದ ಲೆಮನ್ ಮ್ಯಾಗ್ನಿಟ್ಯೂಡ್ 4ರ ಆಸುಪಾಸು. ಪಟಾಕಿ ಹೊಗೆಯಲ್ಲಿ ನನಗೆ ಬರಿಗಣ್ಣಿಗೆ ಸಿಗಲಿಲ್ಲ, ಬೈನಾಕ್ಯುಲರಿನಲ್ಲಿ ಹತ್ತಿಯ ಎಸಳಿನಷ್ಟು ಕಂಡಿತು.

ಹಾಗಾಗಿ ದುಡ್ಡು ಹಾಕೋದೇ ಆದರೆ 10x50 ಅಥವಾ 7x50 ಬೈನಾಕ್ಯುಲರಿಗೆ ಹಾಕಿ (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನೋದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ). ಟೆಲಿಸ್ಕೋಪಿನಲ್ಲಿ ಬಾಲದ ಒಂದು ತುಂಡಷ್ಟೇ ಹಿಡಿಸುತ್ತದೆ. ಸೂರ್ಯ ಪೂರ್ತಿ ಮುಳುಗುವ ಮೊದಲು ಬೈನಾಕ್ಯುಲರ್ ಎತ್ತಲೇಬೇಡಿ, ನಸುಕಿನಲ್ಲಾದರೆ ಸೂರ್ಯ ಹುಟ್ಟುವುದಕ್ಕೆ ಸಾಕಷ್ಟು ಮುಂಚೆಯೇ ಕೆಳಗಿಡಿ. ಮಕ್ಕಳ ಕೈಯಲ್ಲಿದ್ದಾಗಂತೂ ಕಣ್ಣಿಟ್ಟಿರಿ. ಮೊಬೈಲನ್ನು ಕಿಸೆಯಲ್ಲಿಡಿ, ಕತ್ತಲಿಗೆ ಕಣ್ಣು ಹೊಂದೋಕೆ ಇಪ್ಪತ್ತು ನಿಮಿಷವಾದರೂ ಬೇಕು. ಮಸುಕಾದದ್ದನ್ನು ದಿಟ್ಟಿಸಬೇಡಿ, ತುಸು ಪಕ್ಕಕ್ಕೆ ನೋಡಿ, ಆಗ ಕಾಣುತ್ತದೆ. ಫೋಟೋದಲ್ಲಿ ಕಾಣುವ ಹಸಿರು ಬಣ್ಣವನ್ನು ಮಾತ್ರ ಹುಡುಕಬೇಡಿ. ಅದು ಕ್ಯಾಮೆರಾ ಕೆಲವು ಸೆಕೆಂಡು ಬೆಳಕು ಕೂಡಿಟ್ಟು ತೆಗೆದದ್ದು, ನಮ್ಮ ಕಣ್ಣಿಗೆ ಕಾಣೋದು ಬೂದು ಬಣ್ಣವೇ.

ಹ್ಯಾಲಿ ಮತ್ತೆ ಬರೋದು 2061ಕ್ಕೆ, ನಿಮ್ಮ ಮಕ್ಕಳಿಗೆ ಸಿಕ್ಕೀತು. ನಡುವೆ ಹೇಳದೆ ಕೇಳದೆ ಬರುವಂಥವು ಇದ್ದೇ ಇರುತ್ತವೆ: ಹ್ಯಾಕುಟಾಕೆ ಪತ್ತೆಯಾದದ್ದು 1996ರ ಜನವರಿ ಕೊನೆಗೆ, ಎರಡು ತಿಂಗಳೊಳಗೆ ಅದು ತಲೆ ಮೇಲಿತ್ತು. ಈ ಭಾನುವಾರ ಸಂಜೆ ಒಮ್ಮೆ ತಾರಸಿ ಹತ್ತಿ, ಸೂರ್ಯ ಎಲ್ಲಿ ಮುಳುಗುತ್ತಾನೆ, ಅದರ ಮೇಲೆ ಒಂದು ಮುಷ್ಟಿ ಜಾಗ ತೆರವಿದೆಯೇ ನೋಡಿ. ಟ್ಯಾಂಕು ಅಡ್ಡ ಇದ್ದರೆ ಬೈಕಿಗೆ ಪೆಟ್ರೋಲ್ ಹಾಕಿಸಿಡಿ.