ಬಿ ಸೈಡಿನ ತಾಳಮದ್ದಳೆ ಎಲ್ಲಿ ಹೋಯಿತು?

ಪ್ರೀತಿಯ ಮಿತ್ರರೇ,

‘ಜಪಾನಿಗೆ ಕ್ವೀನ್ ಯಾಕಿಷ್ಟು ಇಷ್ಟ?’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಅದನ್ನು ನಮ್ಮ ಪುರವಣಿಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಒಂದು ಸಾಲು ಬರೆದು ಸುಮ್ನೆ ವಾಪಸು ಕಳಿಸಲು ಮನಸ್ಸು ಬರಲಿಲ್ಲ. ಕಾಪುವಿನಲ್ಲಿ ಕೂತು ಕ್ವೀನ್ ಎಂಬ ಲಂಡನ್ನಿನ ರಾಕ್ ಬ್ಯಾಂಡಿನ ಬಗ್ಗೆ, ಟೋಕಿಯೋದ ಅಭಿಮಾನಿಗಳ ಬಗ್ಗೆ ಕನ್ನಡದಲ್ಲಿ ಬರೆಯುವ ಹುಡುಗರು ನಮಗೆ ಬೇಕು. ಅದಕ್ಕೇ ಇಷ್ಟು ಉದ್ದದ ಪತ್ರ.

ನಿಮ್ಮ ಮೊದಲ ಸಾಲು, ‘ಸಂಗೀತಕ್ಕೆ ಗಡಿಯಿಲ್ಲ, ಭಾಷೆಯಿಲ್ಲ.’ ಇದನ್ನು ತೆಗೆದುಬಿಡಿ. ಗಡಿಯೇ ಇಲ್ಲದಿದ್ದರೆ ಎಲ್ಲ ಬ್ಯಾಂಡುಗಳೂ ಎಲ್ಲ ದೇಶಗಳಲ್ಲೂ ಮನೆಮಾತಾಗಬೇಕಿತ್ತು, ಅಲ್ವಾ? ಹಾಗೆ ಆಗುವುದಿಲ್ಲ. ಗಡಿ ಇದೆ. ಯಾರೋ ಹಾಡನ್ನು ಹೊತ್ತುಕೊಂಡು ಬಂದು ದಾಟಿಸುತ್ತಾರೆ. ಹೊತ್ತವರು ಯಾರು, ಇಳಿಸಿಕೊಂಡವರು ಯಾರು ಎಂದು ನಿಮ್ಮ ಲೇಖನ ಹುಡುಕಬೇಕಿತ್ತು.

ಆಮೇಲೆ ಎರಡೂವರೆ ಪುಟ ಬ್ಯಾಂಡಿನ ಚರಿತ್ರೆ ಬರುತ್ತದೆ. ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿ ಜಾಂಜಿಬಾರಿನಲ್ಲಿ ಹುಟ್ಟಿದ್ದು, ಮಹಾರಾಷ್ಟ್ರದ ಪಂಚಗನಿಯಲ್ಲಿ ಓದಿದ್ದು ಎಲ್ಲ ಇದೆ. ಪಂಚಗನಿ ಅಂದ ಕೂಡಲೇ ನನಗೂ ಹೆಮ್ಮೆ ಅನಿಸುತ್ತದೆ. ಆದರೆ ಟೋಕಿಯೋದ ಹುಡುಗಿಗೆ ಅದರಿಂದ ಏನು ಆಗಬೇಕಿತ್ತು? ‘ಅದ್ಭುತ’ ಎಂಬ ಪದ ಹದಿನಾಲ್ಕು ಸಲ ಬಂದಿದೆ, ಎಣಿಸಿದೆ. ಒಂದೂ ಬೇಡ.

1975ರ ಏಪ್ರಿಲಿನಲ್ಲಿ ಕ್ವೀನ್‌ನವರು ಟೋಕಿಯೋದ ಹನೆಡಾ ವಿಮಾನ ನಿಲ್ದಾಣದಲ್ಲಿ ಇಳಿದಾಗ ಅಭಿಮಾನಿಗಳು ಮುತ್ತಿಕೊಂಡರು ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಓಡಿದ್ದೀರಿ. ನೀವು ನಿಲ್ಲಬೇಕಾಗಿದ್ದ ಜಾಗ ಅದು. ‘ಬೊಹೀಮಿಯನ್ ರಾಪ್ಸಡಿ’ ಹೊರಬಂದದ್ದು ಆ ವರ್ಷದ ಅಕ್ಟೋಬರ್ ಕೊನೆಗೆ. ಅಂದರೆ ಅವರನ್ನು ಜಗತ್ತಿಗೆಲ್ಲ ಪರಿಚಯಿಸಿದ ಹಾಡು ಇನ್ನೂ ಬಂದೇ ಇರಲಿಲ್ಲ. ಆದರೂ ಅಲ್ಲಿನ ಹುಡುಗಿಯರಿಗೆ ನಾಲ್ವರ ಮುಖವೂ ಗೊತ್ತಿತ್ತು. ಹೇಗೆ? ‘ಮ್ಯೂಸಿಕ್ ಲೈಫ್’ ಎಂಬ ಜಪಾನಿ ಪತ್ರಿಕೆ ಅವರ ಫೋಟೊಗಳನ್ನು, ಮಾತುಗಳನ್ನು ಮೊದಲೇ ಓದುಗರಿಗೆ ಮುಟ್ಟಿಸಿತ್ತು. ಆ ಪತ್ರಿಕೆಯನ್ನು ಕಟ್ಟಿದವರಲ್ಲಿ ಹೆಂಗಸರಿದ್ದರು. ಹುಡುಗಿಯರು ಏನನ್ನು ನೋಡುತ್ತಾರೆ ಎಂಬುದು ಅವರಿಗೆ ತಿಳಿದಿತ್ತು. ಉದ್ದ ಕೂದಲು, ಇಳಿಬಿದ್ದ ತೋಳುಗಳ ಬಿಳಿ ಅಂಗಿ, ನಾಟಕದ ರಾಜಕುಮಾರರ ಹಾಗೆ ನಿಲ್ಲುವ ಗಂಡಸರು. ಹುಡುಗಿಯರ ಮಾಂಗಾ ಚಿತ್ರಕಥೆಗಳಲ್ಲಿ ಅಂಥ ನಾಯಕರನ್ನು ಅವರು ಆಗಲೇ ಮೆಚ್ಚಿದ್ದರು. ಕ್ವೀನ್ ಬರುವಾಗ ಚಾಪೆ ಹಾಸಿಯೇ ಇತ್ತು.

ನೀವು ಕೊಟ್ಟ ಕಾರಣ, ‘ಜಪಾನಿನವರು ಸ್ವಭಾವದಿಂದಲೇ ನಿಷ್ಠಾವಂತರು’ ಎಂದು. ಒಂದು ದೇಶದ ಜನರನ್ನೆಲ್ಲ ಒಂದೇ ಗೂಟಕ್ಕೆ ಕಟ್ಟಬೇಡಿ. ನಮ್ಮದು ಬುದ್ಧಿವಂತರ ಜಿಲ್ಲೆ ಎಂದು ಹೊರಗಿನವರು ಹೇಳುತ್ತಾರೆ. ನಮ್ಮ ಬಗ್ಗೆ ಅದರಿಂದ ಎಷ್ಟು ತಿಳಿಯುತ್ತದೆ, ನೀವೇ ಯೋಚಿಸಿ.

ಚೀಪ್ ಟ್ರಿಕ್ ಬ್ಯಾಂಡಿಗೆ ಒಂದಿಡೀ ಪುಟ ಕೊಟ್ಟಿದ್ದೀರಿ. ಎರಡು ಸಾಲು ಸಾಕು: 1978ರಲ್ಲಿ ಟೋಕಿಯೋದ ಬುಡೊಕಾನ್ ಸಭಾಂಗಣದಲ್ಲಿ ಹಾಡಿದ್ದನ್ನು ಜಪಾನಿಗೆ ಮಾತ್ರ ಎಂದು ರೆಕಾರ್ಡ್ ಮಾಡಿದರು, ಅದೇ ರೆಕಾರ್ಡು ತಿರುಗಿ ಅಮೆರಿಕಕ್ಕೆ ಹೋಗಿ ಅವರಿಗೆ ಸ್ವಂತ ದೇಶದಲ್ಲಿ ಹೆಸರು ತಂದಿತು. ಉಳಿದ ಜಾಗವನ್ನು ನೀವು ಹೆಸರೂ ಎತ್ತದ ವೆಂಚರ್ಸ್‌ಗೆ ಕೊಡಿ. 1958ರಲ್ಲಿ ಟಕೋಮಾದಲ್ಲಿ ಹುಟ್ಟಿದ ಈ ಅಮೆರಿಕನ್ ಬ್ಯಾಂಡು ಮುಖ್ಯವಾಗಿ ಗಿಟಾರ್ ನುಡಿಸುತ್ತಿತ್ತು, ಹಾಡುತ್ತಿದ್ದದ್ದು ಕಡಿಮೆ. ಅರ್ಥವಾಗದೆ ಉಳಿಯಲು ಅಲ್ಲಿ ಮಾತೇ ಇರಲಿಲ್ಲ. 1965ರ ಹೊತ್ತಿಗೆ ಜಪಾನಿನಲ್ಲಿ ‘ಎರೆಕಿ’ ಹುಚ್ಚು ಹಬ್ಬಿತು. ಎಲೆಕ್ಟ್ರಿಕ್ ಗಿಟಾರ್ ಅಲ್ಲಿಯವರ ಬಾಯಲ್ಲಿ ಎರೆಕಿ ಆಯಿತು. ಹುಡುಗರು ಕೇಳಿ ಸುಮ್ಮನಾಗಲಿಲ್ಲ, ಗಿಟಾರ್ ಕೊಂಡರು, ಬೆರಳು ನೋಯಿಸಿಕೊಂಡು ಕಲಿತರು, ತಮ್ಮದೇ ಬ್ಯಾಂಡು ಕಟ್ಟಿದರು. ಮುಂದೆ ವೆಂಚರ್ಸ್‌ನವರು ಮಾಡಿದ ರಾಗಗಳಿಗೆ ಜಪಾನಿಯಲ್ಲಿ ಸಾಹಿತ್ಯ ಬರೆದು ಅಲ್ಲಿನ ಗಾಯಕಿಯರು ಹಾಡಿದರು. ಕಿವಿಯಲ್ಲಿ ಇದ್ದದ್ದು ಕೈಗೆ ಇಳಿದರೆ ಅದು ಬೇಗ ಹೋಗುವುದಿಲ್ಲ.

ಇದನ್ನು ನಂಬಲು ನಾನು ಟೋಕಿಯೋಗೆ ಹೋಗಬೇಕಾಗಿಲ್ಲ, ಮಂಗಳೂರಿನ ಯಾವುದಾದರೂ ಮದುವೆ ಹಾಲಿಗೆ ಹೋದರೆ ಸಾಕು. ಸ್ಯಾಕ್ಸೋಫೋನು ಬೆಲ್ಜಿಯಂನವನೊಬ್ಬ 1840ರ ದಶಕದಲ್ಲಿ ಮಾಡಿದ ವಾದ್ಯ. ಕದ್ರಿ ಗೋಪಾಲನಾಥರು ನಾಗಸ್ವರದ ಮನೆತನದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತರು. ಗಮಕಕ್ಕೆ ಒಗ್ಗದ ಆ ಕೊಳವೆಯನ್ನು ವರ್ಷಗಟ್ಟಲೆ ಕೂತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲೂ ನುಡಿಸಿದರು. ಇವತ್ತು ನಮ್ಮ ಊರುಗಳಲ್ಲಿ ಧಾರೆಯ ಹೊತ್ತಿಗೂ ದೇವಸ್ಥಾನದ ಬಲಿ ಉತ್ಸವಕ್ಕೂ ಸ್ಯಾಕ್ಸೋಫೋನು ಇರುತ್ತದೆ. ನನ್ನ ಅಜ್ಜಿ ಅದನ್ನು ‘ಬಗ್ಗಿದ ವಾಲಗ’ ಎನ್ನುತ್ತಿದ್ದರು. ಅವರಿಗೆ ಅದು ವಿದೇಶಿ ಎಂದು ಯಾವತ್ತೂ ಅನಿಸಿರಲಿಲ್ಲ.

ಇನ್ನು ನಿಮ್ಮ ಲೇಖನದ ಚಿನ್ನಕ್ಕೆ ಬರುತ್ತೇನೆ. ನಾಲ್ಕನೇ ಪುಟದ ಕೆಳಗೆ, ಮೂರೇ ಸಾಲು. ನಿಮ್ಮ ಸೋದರಮಾವ ದುಬೈಯಿಂದ ತಂದ ಟಿಡಿಕೆಯ 90 ನಿಮಿಷದ ಕ್ಯಾಸೆಟ್ಟು. ಲೇಬಲಿನ ಮೇಲೆ ಬಾಲ್ ಪೆನ್ನಿನಲ್ಲಿ ಕನ್ನಡದಲ್ಲೇ ‘ಕ್ವೀನ್, ಒಳ್ಳೆಯದು’. ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿದಾಗ ಪೆನ್ಸಿಲ್ ತುರುಕಿ ಸುತ್ತಿ ಸುತ್ತಿ ಹತ್ತಿಯಲ್ಲಿ ಒರೆಸುತ್ತಿದ್ದರು ಎಂದು ಬರೆದಿದ್ದೀರಿ. ಬಿ ಸೈಡಿನಲ್ಲಿ ತಾಳಮದ್ದಳೆ! ಅಷ್ಟು ಹೇಳಿ ನೀವು ವಾಪಸು ಲಂಡನ್ನಿಗೆ ಹೋಗಿಬಿಟ್ಟಿರಿ. ನಾನು ಹೋಗಲಿಲ್ಲ, ಅಲ್ಲೇ ಕೂತೆ.

ಮಾವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಪದಗಳನ್ನು ತಪ್ಪು ತಪ್ಪಾಗಿ ಗುನುಗುತ್ತಿದ್ದರು ಎಂದಿದ್ದೀರಿ. ಹಾಗಾದರೆ ಅವರಿಗೆ ಏನು ಹಿಡಿಸಿತು? ಯಕ್ಷಗಾನದ ಭಾಗವತರ ಏರುದನಿ ಕೇಳಿ ಬೆಳೆದ ಕಿವಿಗೆ ಆ ಗಾಯಕನ ಏರುದನಿ ಪರಿಚಿತ ಅನಿಸಿತೇ? ಅದು ನನ್ನ ಊಹೆ, ನೀವು ಅವರನ್ನೇ ಕೇಳಿ. ದುಬೈಯ ರೂಮಿನಲ್ಲಿ ಜೊತೆಗಿದ್ದವರು ಯಾರು, ಕ್ಯಾಸೆಟ್ಟು ತುಂಬಿಸಿ ಕೊಟ್ಟವರು ಯಾರು, ಅದನ್ನೂ ಕೇಳಿ. ಇನ್ನೊಂದು ವಿಷಯ: ಟಿಡಿಕೆ ಜಪಾನಿನ ಕಂಪನಿ. ಮಾವನ ಟೇಪ್ ರೆಕಾರ್ಡರು ನ್ಯಾಷನಲ್ ಪ್ಯಾನಸಾನಿಕ್ ಎಂದಿದ್ದೀರಿ, ಅದೂ ಜಪಾನಿನದ್ದೇ. ಇಂಗ್ಲೆಂಡಿನ ಹಾಡು ಜಪಾನಿನ ಟೇಪಿನಲ್ಲಿ ದುಬೈ ದಾಟಿ ಕಾಪುವಿನ ಮನೆಗೆ ಬಂದಿದೆ. ನೀವು ದೂರದಲ್ಲಿ ಹುಡುಕುತ್ತಿದ್ದ ಜಪಾನು ಮಾವನ ಕಪಾಟಿನಲ್ಲೇ ಇತ್ತು.

ಹಾಗಾಗಿ ಮಾವನಿಂದ ಶುರು ಮಾಡಿ. ಹನೆಡಾದ ಹುಡುಗಿಯರು ಆಮೇಲೆ ಬರಲಿ. ‘ತೆಓ ತೊರಿಯಾತ್ತೆ’ ಹಾಡನ್ನು ಬಿಡಬೇಡಿ. ಸಿಕ್ಕಿದ ಪ್ರೀತಿಗೆ ಉತ್ತರ ಎಂಬ ಹಾಗೆ ಕ್ವೀನ್‌ನವರು 1976ರ ಆಲ್ಬಮ್ಮಿನ ಕೊನೆಯ ಹಾಡಿನಲ್ಲಿ ಜಪಾನಿ ಸಾಲುಗಳನ್ನೇ ಹಾಡಿದರು. ‘ಕೈ ಕೈ ಹಿಡಿದು’ ಎಂದು ಅದರ ಅರ್ಥ. ಬಂದವರು ಊರವರ ಮಾತಿನಲ್ಲಿ ನಾಲ್ಕು ಪದ ಆಡಿದರೆ ಎಷ್ಟು ಹತ್ತಿರ ಆಗುತ್ತಾರೆ ಎಂದು ತುಳು ಕಲಿತು ಮಾತಾಡುವ ಹೊರಗಿನವರನ್ನು ಕಂಡ ನಿಮಗೆ ನಾನು ಹೇಳಬೇಕಾಗಿಲ್ಲ.

ಆಟಿ ತಿಂಗಳ ಮಳೆ, ಮಾವ ಮನೆಯಲ್ಲೇ ಇರುತ್ತಾರೆ. ಒಂದು ಮಧ್ಯಾಹ್ನ ಹೋಗಿ ಕೂತುಕೊಳ್ಳಿ. ಟೇಪು ಇನ್ನೂ ಓಡುತ್ತದಾ ನೋಡಿ. ಬಿ ಸೈಡಿನಲ್ಲಿ ಯಾವ ಪ್ರಸಂಗ, ಅರ್ಥಧಾರಿ ಯಾರು ಎಂದು ಬರೆದುಕೊಂಡು ಬನ್ನಿ. ದೀಪಾವಳಿ ಸಂಚಿಕೆಯಲ್ಲಿ ನಿಮಗೆ ಎರಡು ಪುಟ ತೆಗೆದಿಟ್ಟಿದ್ದೇನೆ.

ನಿಮ್ಮ,
ಸಂಪಾದಕ
ಮಂಗಳೂರು